ಅಗ್ಗದ ತಿಕೀಟಿನ ನೆನಪು

ಭಾಲ್ಕಿ, ಔರಾದ, ಖಟಕ ಚಿಂಚೋಳಿಯ ಕಟ್ಟೆಗಳ ಮೇಲೆ ಕುಳಿತ ಹಿರಿಯರಲ್ಲಿ, ಹೈದರಾಬಾದಿನ ಫತೇ ಮೈದಾನದಲ್ಲಿ ಮ್ಯಾಚು ನೋಡಿ ಬಂದವನು ನಾನು ಎಂದು ಎದೆಯುಬ್ಬಿಸಿ ಹೇಳುವವರು ಇನ್ನೂ ಸಿಗುತ್ತಾರೆ. ವರ್ಷಕ್ಕೆ ವರ್ಷ ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಸ್ವಂತ ಮದುವೆಯ ಇಸವಿ ಮರೆತವರಿಗೂ ಯಾವ ಆಟಗಾರ ಯಾವ ದಿಕ್ಕಿಗೆ ಚೆಂಡು ಹೊಡೆದ ಎಂಬುದು ನೆನಪಿರುತ್ತದೆ. ಇದನ್ನು ಮುದುಕರ ಹರಟೆಯೆಂದು ತಳ್ಳಿಹಾಕುವುದು ರೂಢಿ. ನಮ್ಮ ಅಭಿಪ್ರಾಯ ಬೇರೆ. ದುಡಿಯುವ ಮನುಷ್ಯನು ತನ್ನ ಪಗಾರದಲ್ಲಿ ಉಳಿಸಿದ ಹಣದಿಂದ ತಿಕೀಟು ಕೊಂಡು, ದೇಶದೇಶಗಳ ಆಟವನ್ನು ಕಣ್ಣಾರೆ ಕಂಡು ಬರಬಹುದಾಗಿತ್ತು ಎಂಬುದಕ್ಕೆ ಈ ಮಾತುಗಳೇ ಸಾಕ್ಷಿ. ಆ ಸಾಕ್ಷಿದಾರರು ಬದುಕಿರುವಾಗಲೇ ಅವರ ಹೇಳಿಕೆಯನ್ನು ಕೇಳಿಕೊಳ್ಳಬೇಕಾಗಿದೆ.

1955ರ ನವೆಂಬರ್ 19ರಿಂದ 24ರ ವರೆಗೆ ಫತೇ ಮೈದಾನದಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವೆ ಟೆಸ್ಟ್ ಪಂದ್ಯ ನಡೆಯಿತು. ಆ ಊರಿನ ಮೊದಲನೆಯ ಟೆಸ್ಟ್ ಅದು. ಬೀದರ ಆಗ ಹೈದರಾಬಾದ್ ರಾಜ್ಯದ ಜಿಲ್ಲೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷದ ನವೆಂಬರ್ 1ರಂದು. ಹೀಗಾಗಿ ನಮ್ಮ ಜನರಿಗೆ ಹೈದರಾಬಾದ್ ಎಂದರೆ ರಾಜಧಾನಿ, ಕಚೇರಿ, ದವಾಖಾನೆ, ಪೇಟೆ, ಕೂಲಿ ಎಲ್ಲವೂ. ಭಾಲ್ಕಿಯಲ್ಲಿ ರೈಲು ಹತ್ತಿ ಬೀದರ, ವಿಕಾರಾಬಾದ್ ದಾಟಿ ನಾಂಪಲ್ಲಿಯಲ್ಲಿ ಇಳಿದರೆ ಮೈದಾನ ನಡೆದು ಹೋಗುವಷ್ಟು ಹತ್ತಿರ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕೂತದ್ದು ಬಿಸಿಲಿನ ಕಡೆ.

ಆ ಪಂದ್ಯದಲ್ಲಿ ಭಾರತದ ನಾಯಕ ಗುಲಾಮ್ ಅಹ್ಮದ್, ಹೈದರಾಬಾದಿನವರೇ. ಪಾಲಿ ಉಮ್ರಿಗರ್ 223 ಓಟ ಮಾಡಿದರು. ಟೆಸ್ಟ್ ಆಟದಲ್ಲಿ ಭಾರತೀಯನೊಬ್ಬ ಇನ್ನೂರು ದಾಟಿದ್ದು ಅದೇ ಮೊದಲು. ವಿಜಯ್ ಮಾಂಜ್ರೇಕರ್ 118, ಮೊದಲ ಟೆಸ್ಟ್ ಆಡುತ್ತಿದ್ದ ಕೃಪಾಲ್ ಸಿಂಗ್ ಔಟಾಗದೆ 100. ಸುಭಾಷ್ ಗುಪ್ತೆ ಒಂದೇ ಸರದಿಯಲ್ಲಿ 7 ವಿಕೆಟ್ ಕಿತ್ತರು. ಪಂದ್ಯ ಸಮವಾಯಿತು. ಸಮವಾದ ಪಂದ್ಯವನ್ನು ಎಪ್ಪತ್ತು ವರ್ಷ ಯಾಕೆ ನೆನೆಯಬೇಕು ಎಂದು ಇಂದಿನ ಹುಡುಗರು ಕೇಳಬಹುದು. ಗೆಲುವು ಸೋಲಿನ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಯಾರಿಗಾದರೂ ಸಿಗುತ್ತಿತ್ತು. ಉಮ್ರಿಗರ್ ಇನ್ನೂರು ದಾಟಿದಾಗ ಎದ್ದು ನಿಂತ ಜನರ ನಡುವೆ ತಾನೂ ಇದ್ದೆನೆಂಬುದು ಅಲ್ಲಿ ಹೋದವನಿಗೆ ಮಾತ್ರ ಸಿಕ್ಕಿತು.

ಎರಡನೆಯ ಟೆಸ್ಟ್ 1969ರ ಅಕ್ಟೋಬರಿನಲ್ಲಿ, ಮತ್ತೆ ನ್ಯೂಜಿಲೆಂಡ್ ವಿರುದ್ಧ. ಅಷ್ಟರಲ್ಲಿ ಮೈದಾನಕ್ಕೆ ಲಾಲ್ ಬಹಾದೂರ್ ಸ್ಟೇಡಿಯಂ ಎಂದು ಹೆಸರಾಗಿತ್ತು; ನಮ್ಮ ಹಿರಿಯರ ಬಾಯಲ್ಲಿ ಅದು ಈಗಲೂ ಫತೇ ಮೈದಾನವೇ. ಈ ಪಂದ್ಯದ ನೆನಪು ಸಿಹಿಯಲ್ಲ. ಭಾರತ 49 ಓಟಕ್ಕೆ 9 ವಿಕೆಟ್ ಕಳೆದುಕೊಂಡಿತು. ಕೊನೆಯ ಜೋಡಿ ವೆಂಕಟರಾಘವನ್ ಮತ್ತು ಬೇಡಿ ನಿಂತು 89ರ ವರೆಗೆ ಒಯ್ದರು. ಮೈದಾನದೊಳಗೆ ಓಡಿ ಬಂದ ಒಬ್ಬ ಹುಡುಗನಿಗೆ ಪೊಲೀಸರು ಹೊಡೆದರು. ಅದನ್ನು ಕಂಡ ಜನ ಕೆರಳಿದರು, ಗಲಭೆಯಾಯಿತು. ಕೊನೆಯ ದಿನ 76 ಓಟಕ್ಕೆ 7 ವಿಕೆಟ್ ಬಿದ್ದಿದ್ದಾಗ ಮಳೆ ಬಂದು ನಮ್ಮವರನ್ನು ಉಳಿಸಿತು. ಹುಡುಗನು ನಿಯಮ ಮೀರಿದ್ದು ನಿಜ, ಕುರ್ಚಿ ಮುರಿದದ್ದೂ ತಪ್ಪು. ಆದರೆ ಉಲ್ಲಾಸದಿಂದ ಓಡಿದ ಹುಡುಗನಿಗೆ ಲಾಠಿಯೇ ಉತ್ತರವೆಂದು ತಿಳಿದ ಆಡಳಿತದ ಬುದ್ಧಿಯನ್ನು ಏನೆನ್ನಬೇಕು? ಅಗ್ಗದ ತಿಕೀಟಿನವನನ್ನು ಅತಿಥಿಯೆಂದು ಕಾಣದೆ ಗುಮಾನಿಯವನೆಂದು ಕಾಣುವ ಈ ಚಾಳಿ ಇಂದಿಗೂ ಹೋಗಿಲ್ಲ.

ಆ ಮೈದಾನದಲ್ಲಿ ನಡೆದ ಟೆಸ್ಟ್‌ಗಳು ಮೂರೇ, ಮೂರನೆಯದು 1988ರಲ್ಲಿ. ಒಂದು ದಿನದ ಪಂದ್ಯಗಳ ನೆನಪು ಇನ್ನೂ ಹಸಿ. 1987ರ ಮಾರ್ಚಿನಲ್ಲಿ ಭಾರತ ಮತ್ತು ಪಾಕಿಸ್ತಾನ ಎರಡೂ 212ಕ್ಕೆ ನಿಂತು, ಕಡಿಮೆ ವಿಕೆಟ್ ಕಳೆದುಕೊಂಡ ಭಾರತ ಗೆದ್ದದ್ದು. ಅದೇ ವರ್ಷ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆಯ ಡೇವ್ ಹಾಟನ್ 142 ಹೊಡೆದೂ ಅವರ ತಂಡ ನ್ಯೂಜಿಲೆಂಡಿಗೆ 3 ಓಟದಿಂದ ಸೋತದ್ದು. 1999ರ ನವೆಂಬರಿನಲ್ಲಿ ತೆಂಡೂಲ್ಕರ್ 186, ನಮ್ಮ ದ್ರಾವಿಡ್ 153 ಸೇರಿ 331 ಓಟದ ಜೊತೆಯಾಟ ಕಟ್ಟಿದ್ದು. ಫುಟ್‌ಬಾಲಿನ ಕಥೆ ಬೇರೆಯೇ ಒಂದು ಸಂಪಾದಕೀಯ ಬೇಡುತ್ತದೆ. 1950ರಿಂದ 1954ರ ವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನೂ, 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ಭಾರತ ತಂಡವನ್ನೂ ತಿದ್ದಿ ಬೆಳೆಸಿದ ಸೈಯದ್ ಅಬ್ದುಲ್ ರಹೀಮ್ ಮೂಲತಃ ಶಾಲಾ ಮಾಸ್ತರರು ಎಂಬುದನ್ನಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇವೆ.

ಹಾಗೆಂದು ಆ ಕಾಲವೇ ಬಂಗಾರ ಎಂದು ನಾವು ಒಪ್ಪುವುದಿಲ್ಲ. ನೆರಳು ದೊಡ್ಡವರಿಗೆ, ಬಿಸಿಲು ಬಡವರಿಗೆ ಎಂಬ ಭೇದ ಆಗಲೂ ಇದ್ದಿತು. ಈ ನೆನಪುಗಳನ್ನು ಹೇಳುವವರೆಲ್ಲ ಗಂಡಸರೇ ಎಂಬುದನ್ನು ಗಮನಿಸಿ. ಅಕ್ಕತಂಗಿಯರು ಮನೆಯಲ್ಲಿ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಟ್ಟರು, ಆಟ ನೋಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅಂದಿನ ವ್ಯವಸ್ಥೆ ಇಂದಿಗಿಂತ ನೆಟ್ಟಗಿತ್ತು. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತವನಿಗೆ, ಅಕ್ಷರ ಬಾರದವನಾದರೂ, ತಿಕೀಟು ದೊರೆಯುತ್ತಿತ್ತು.

ಇಂಥ ನೆನಪು ನಮ್ಮವರಿಗೆ ಮಾತ್ರ ಮೀಸಲಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರ್, ಲ್ಯಾಂಕಶೈರ್ ಗಿರಣಿ ಮತ್ತು ಗಣಿಗಳ ಸೀಮೆ. ಅಲ್ಲಿಯ ಕಾರ್ಮಿಕರು ರಗ್ಬಿ ಆಡುತ್ತಿದ್ದರು. ಶನಿವಾರ ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಕಳೆದುಹೋದ ಕೂಲಿಯನ್ನು ತುಂಬಿಕೊಡಿ ಎಂದರೆ, ಆಟ ಆಡುವುದು ಹಣಕ್ಕಾಗಿ ಅಲ್ಲ ಎಂದು ಹೊಟ್ಟೆ ತುಂಬಿದ ದೊರೆಗಳು ಉಪದೇಶ ಮಾಡಿದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆ ಸಂಘ ಕಟ್ಟಿದವು. ರಗ್ಬಿ ಲೀಗ್ ಎಂಬ ಆಟ ಹುಟ್ಟಿದ್ದು ಹೀಗೆ, ಕೂಲಿಯ ಪ್ರಶ್ನೆಯಿಂದ. 1954ರಲ್ಲಿ ಬ್ರಾಡ್‌ಫರ್ಡಿನ ಓಡ್ಸಲ್ ಮೈದಾನದಲ್ಲಿ ಆ ಆಟದ ಒಂದೇ ಪಂದ್ಯಕ್ಕೆ ಲೆಕ್ಕ ಸಿಕ್ಕ ಜನ 1,02,569. ವಿಗನ್ ಊರಿನ ಸೆಂಟ್ರಲ್ ಪಾರ್ಕ್ ಎಂಬ ಮೈದಾನದಲ್ಲಿ ಆಸ್ಟ್ರೇಲಿಯದಂಥ ತಂಡಗಳು ಬಂದು ಆಡುತ್ತಿದ್ದವು. 1999ರಲ್ಲಿ ಅದನ್ನು ಮುಚ್ಚಿದರು. ಆ ಜಾಗದಲ್ಲಿ ಈಗ ದೊಡ್ಡ ಅಂಗಡಿಯಿದೆ. ಕಲಬುರಗಿಯ ಎಂ.ಎಸ್.ಕೆ. ಗಿರಣಿ ಮುಚ್ಚಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಇಂದಿನ ಸ್ಥಿತಿ. ತಿಕೀಟು ಮೊಬೈಲಿನಲ್ಲಿ ಮಾರಾಟಕ್ಕೆ ಬರುತ್ತದೆ. ಹಮಾಲನೊಬ್ಬ ಚೀಲ ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. 2022ರ ಸೆಪ್ಟೆಂಬರ್ 22ರಂದು, ಉಪ್ಪಲ್ ಸ್ಟೇಡಿಯಮ್ಮಿನ ಆಸ್ಟ್ರೇಲಿಯ ಪಂದ್ಯದ ತಿಕೀಟಿಗಾಗಿ ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ಸಾವಿರಾರು ಜನ ನಿಂತಿದ್ದರು. ನೂಕುನುಗ್ಗಲಾಯಿತು, ಲಾಠಿ ಬೀಸಿದರು, ಜನ ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ವಿಜಯೋತ್ಸವ ನೋಡಬಂದವರಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಒಳಗೆ ಗಣ್ಯರಿಗೆ ಹಾರ ತುರಾಯಿ, ಹೊರಗೆ ಬಾಗಿಲಲ್ಲಿ ಹೆಣ. ಒಳಗೆ ಹೋದವನೂ ಮನೆಯ ಬುತ್ತಿ, ನೀರಿನ ಬಾಟಲಿಯನ್ನು ಬಾಗಿಲಲ್ಲೇ ಬಿಟ್ಟು, ಅವರು ಕೇಳಿದ ದರಕ್ಕೆ ಕೊಂಡು ತಿನ್ನಬೇಕು. ಶೇಂಗಾ, ಚುರುಮುರಿ ಮಾರಿ ಆ ದಿನ ನಾಲ್ಕು ಕಾಸು ಕಾಣುತ್ತಿದ್ದ ಸಣ್ಣ ವ್ಯಾಪಾರಿಯ ಗತಿಯೇನು? ಅವನ ಗಿರಾಕಿಯನ್ನೇ ಗೋಡೆಯೊಳಗೆ ಗುತ್ತಿಗೆ ಕೊಟ್ಟಿದ್ದಾರೆ.

ಮನೆಯಲ್ಲೇ ಟೆಲಿವಿಜನ್ ಇರುವಾಗ ಮೈದಾನವೇಕೆ ಎಂಬ ವಾದ ಕೇಳಿಬರುತ್ತದೆ. ಇದನ್ನು ಹೇಳುವವರು ಸಾಮಾನ್ಯವಾಗಿ ಕೈಯಲ್ಲಿ ಪುಕ್ಕಟೆ ಪಾಸು ಹಿಡಿದವರೇ ಆಗಿರುತ್ತಾರೆ. ಮನೆಯಲ್ಲಿ ನೋಡುವುದು ಅಷ್ಟು ಸುಖವಾದರೆ ಆ ಪಾಸುಗಳನ್ನು ನಮ್ಮ ಕಾರ್ಮಿಕರಿಗೆ ಕೊಟ್ಟು ತಾವು ಮನೆಯಲ್ಲಿ ಕುಳಿತುಕೊಳ್ಳಲಿ.

ಮನಸ್ಸಿದ್ದರೆ ಬಾಗಿಲು ತೆರೆಯುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2024ರ ಜನವರಿಯಲ್ಲಿ ಉಪ್ಪಲ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿಗೆ ಶಾಲಾ ಮಕ್ಕಳನ್ನು ಉಚಿತವಾಗಿ ಬಿಟ್ಟರು. ಭಾರತ 28 ಓಟದಿಂದ ಸೋತಿತು; ಆದರೆ ಓಲಿ ಪೋಪ್‌ನ 196 ಓಟದ ಆಟವನ್ನು ಆ ಮಕ್ಕಳು ಕಣ್ಣಾರೆ ಕಂಡರು. ಮಕ್ಕಳಿಗೆ ಸಾಧ್ಯವಾದದ್ದು ಗಿರಣಿಯ ಕೆಲಸಗಾರನಿಗೆ, ಕಿರಾಣಿ ಅಂಗಡಿಯವನಿಗೆ ಯಾಕೆ ಸಾಧ್ಯವಾಗಬಾರದು? ಹೈದರಾಬಾದ್ ಮತ್ತು ಬೆಂಗಳೂರಿನ ಕ್ರಿಕೆಟ್ ಸಂಸ್ಥೆಗಳು ಪ್ರತಿ ಅಂತರರಾಷ್ಟ್ರೀಯ ಪಂದ್ಯದಲ್ಲೂ ಒಂದು ಪಾಲು ಕುರ್ಚಿಗಳನ್ನು ಒಂದು ದಿನದ ಕೂಲಿಯನ್ನು ಮೀರದ ದರಕ್ಕೆ ಕಿಟಕಿಯಲ್ಲಿ ಮಾರಬೇಕು. ಬೀದರದಂಥ ಜಿಲ್ಲಾ ಸ್ಥಳದಲ್ಲೂ ಒಂದು ಕಿಟಕಿ ತೆರೆಯಬೇಕು. ಎಷ್ಟು ಪಾಸು ಪುಕ್ಕಟೆ ಹಂಚಿದರು, ಯಾರಿಗೆ ಹಂಚಿದರು ಎಂಬ ಲೆಕ್ಕ ಪಂದ್ಯಕ್ಕೆ ಮೊದಲೇ ಪ್ರಕಟವಾಗಬೇಕು. ಕುಡಿಯುವ ನೀರಿಗೆ ಕಾಸು ಕೀಳುವುದು ನಿಲ್ಲಬೇಕು. ದೊಡ್ಡ ಪಂದ್ಯದ ದಿನ ಬೀದರದ ನೆಹರು ಕ್ರೀಡಾಂಗಣದಲ್ಲಿ ಪರದೆ ಕಟ್ಟಿ ಸರಕಾರವೇ ಪುಕ್ಕಟೆ ತೋರಿಸಲಿ, ಹೊರಗೆ ಬಂಡಿಯವರಿಗೆ ಜಾಗ ಕೊಡಲಿ.

ಈ ಬೇಡಿಕೆಗಳ ಅರ್ಜಿಗೆ ಸಹಿ ಸಂಗ್ರಹ ಆರಂಭಿಸುತ್ತಿದ್ದೇವೆ. ಅದರ ಜೊತೆಗೆ ವಾಚಕರಲ್ಲಿ ಇನ್ನೊಂದು ಕೇಳಿಕೆ. ನಿಮ್ಮ ಮನೆಯ ಅಜ್ಜ, ಕಾಕಾ, ಮಾವಂದಿರು ಯಾವುದಾದರೂ ಅಂತರರಾಷ್ಟ್ರೀಯ ಪಂದ್ಯ ನೋಡಲು ಹೋಗಿದ್ದರೆ, ಯಾವ ವರ್ಷ, ತಿಕೀಟಿಗೆ ಎಷ್ಟು ಕೊಟ್ಟರು, ಎಲ್ಲಿ ಕುಳಿತರು, ಎಷ್ಟು ದಿನದ ಕೂಲಿ ಬಿಟ್ಟು ಹೋದರು ಎಂಬುದನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಪಕ್ಷದ ಕಚೇರಿಗೆ ಮುಟ್ಟಿಸಿರಿ. ಬರೆಯಲು ಬಾರದವರು ಸಂತೆಯ ದಿನ ಬಂದು ಹೇಳಿದರೆ ನಮ್ಮವರು ಬರೆದುಕೊಳ್ಳುತ್ತಾರೆ. ಹಳೆಯ ತಿಕೀಟಿನ ತುಂಡು ಯಾರ ಪೆಟ್ಟಿಗೆಯಲ್ಲಾದರೂ ಉಳಿದಿದ್ದರೆ ತಂದು ತೋರಿಸಿರಿ. ಅದರ ಮೇಲಿನ ದರವನ್ನು ಅರ್ಜಿಯಲ್ಲಿ ನಮೂದಿಸಿ, ತುಂಡನ್ನು ಅಲ್ಲೇ ಮರಳಿ ಕೊಡುತ್ತೇವೆ.