ಚೀನೀ ಭಿಕ್ಷು ಬರೆದ ಇನ್ನೊಂದು ಪುಟ



ಹ್ಯೂಯೆನ್ ತ್ಸಾಂಗ್ ಅಂದಕೂಡಲೇ ನಮಗೆ ನೆನಪಾಗೋದು ಇಮ್ಮಡಿ ಪುಲಿಕೇಶಿ. ಸುಮಾರು 640ರ ಹೊತ್ತಿಗೆ ಈ ಕಡೆ ಬಂದ ಆ ಚೀನೀ ಭಿಕ್ಷು ನಮ್ಮ ದೊರೆಯನ್ನು ಹೊಗಳಿದ, ಹೆಂಡ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದ ಆನೆಗಳ ಬಗ್ಗೆ ಬರೆದ ಅಂತ ಬಾಯಿಪಾಠ ಮಾಡಿದ್ದೇವೆ. ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಸೀಮೆಯೂ ಆಗ ಚಾಲುಕ್ಯರ ಕೈಯೊಳಗಿತ್ತು. ಹಂಗಾಗಿ ಎದೆ ಉಬ್ಬಿಸಿ ಹೇಳುತ್ತೇವೆ. ಐದು ಅಂಕದ ಪ್ರಶ್ನೆ, ಐದು ಅಂಕದ ಉತ್ತರ.

ಅದೇ ಭಿಕ್ಷು ಅದೇ ಗ್ರಂಥದಲ್ಲಿ ಇಡೀ ದೇಶದ ರೀತಿನೀತಿ ವರ್ಣಿಸುವಾಗ ಇನ್ನೊಂದು ಸಂಗತಿ ಬರೆದಿದ್ದಾನೆ. ಕಟುಕರು, ಮೀನು ಹಿಡಿಯುವವರು, ಆಟ ಕುಣಿತದವರು, ಗಲ್ಲಿಗೇರಿಸುವವರು, ಹೊಲಸು ಬಳಿಯುವವರು: ಇವರ ಮನೆಗೆ ಗುರುತು ಹಾಕಿರುತ್ತಿದ್ದರು. ಮನೆ ಊರಾಚೆ. ಊರೊಳಗೆ ಬಂದರೆ ದಾರಿಯ ಎಡಕ್ಕೆ ಸರಿದು ನಡೆಯಬೇಕು. ಅವನಿಗಿಂತ ಇನ್ನೂರು ವರ್ಷ ಮೊದಲೇ ಬಂದಿದ್ದ ಫಾಹಿಯಾನ್, ಚಂಡಾಲರು ಪೇಟೆಗೆ ಬರುವಾಗ ಕಟ್ಟಿಗೆ ಬಡಿದು ಸಪ್ಪಳ ಮಾಡಬೇಕಿತ್ತೆಂದು ಬರೆದ. ಜನ ಕೇಳಿ ದೂರ ಸರಿಯಲೆಂದು!

ಈ ಪುಟವನ್ನು ನಮಗೆ ಯಾವ ಮಾಸ್ತರೂ ಓದಿಸಲಿಲ್ಲ. ಓದಿಸಿದವರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತಿನಲ್ಲಿ ಮಾತಾಡಿದ ಬಾಬಾಸಾಹೇಬರು. 1948ರ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಅವರು ಈ ಇಬ್ಬರು ಚೀನೀಯರನ್ನೂ ಸಾಕ್ಷಿಕಟ್ಟೆಗೆ ಕರೆದರು. ಫಾಹಿಯಾನನ ಸಾಕ್ಷಿ ಸಾಲದು, ಹ್ಯೂಯೆನ್ ತ್ಸಾಂಗನದು ಗಟ್ಟಿ ಅಂದರು. ಅಸ್ಪೃಶ್ಯತೆ ಅನಾದಿಯಲ್ಲ, ಸುಮಾರು ಕ್ರಿ.ಶ. 400ರಲ್ಲಿ ಹುಟ್ಟಿದ್ದು ಎಂದು ವಾದಿಸಿದರು. ಹುಟ್ಟಿದ ದಿನ ಇರುವುದಕ್ಕೆ ಸಾಯುವ ದಿನವೂ ಉಂಟು. ನಮ್ಮ ಪೂರ್ವಜರ ಕೈಗೆ ಅಕ್ಷರ ಸಿಗದ ಕಾಲದಲ್ಲಿ ಪರದೇಶದವನೊಬ್ಬ ಈ ಸಾಕ್ಷಿ ಬರೆದಿಟ್ಟ. ಬರೆದ, ಅಷ್ಟೇ. ಸಿಟ್ಟಾಗಲಿಲ್ಲ. ಸಿಟ್ಟು ನಮ್ಮ ಪಾಲಿಗೆ ಉಳಿದಿದೆ.

ಹಾಗಂತ ಚೀನಾವನ್ನು ಸ್ವರ್ಗ ಅನ್ನಲಿಕ್ಕೆ ನಾವು ತಯಾರಿಲ್ಲ. ಅದಕ್ಕೂ ಎರಡು ಪುಟ ಅವೆ. 645ರಲ್ಲಿ ತ್ಸಾಂಗ್ 657 ಗ್ರಂಥ ಹೊತ್ತು ತಾಂಗ್ ರಾಜಧಾನಿ ಚಾಂಗಾನ್ ಸೇರಿದ. ದುನ್‌ಹುವಾಂಗದ ಗುಹೆಗಳಲ್ಲಿ ಬುದ್ಧನ ಕತೆ ಗೋಡೆ ತುಂಬ ಬಣ್ಣವಾಯಿತು. 868ರಲ್ಲಿ ವಾಂಗ್ ಜೀ ಎಂಬವನು ತಂದೆತಾಯಿಯ ಹೆಸರಲ್ಲಿ ವಜ್ರಸೂತ್ರವನ್ನು ಮರದ ಅಚ್ಚಿನಲ್ಲಿ ಒತ್ತಿಸಿ ಪುಕ್ಕಟೆ ಹಂಚಿದ. ತೇದಿ ಇರುವ ಮುದ್ರಿತ ಪುಸ್ತಕಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಅದೇ. (ಪತ್ರಿಕೆ ಮಾರಿ ಕಾಗದದ ಸಾಲ ತೀರಿಸುವ ನಮಗೆ ಹೊಟ್ಟೆಕಿಚ್ಚಾಗುವ ಸಂಗತಿ.) ಆದರೆ ಆ ಗುಹೆಗಳಲ್ಲಿ ದುಡ್ಡು ಕೊಟ್ಟ ದಾನಿಗಳ ಚಿತ್ರ ಇದೆ, ಹೆಸರಿದೆ. ಬಣ್ಣ ಬಳಿದವರ ಹೆಸರು ಬಹುಮಟ್ಟಿಗೆ ಇಲ್ಲ.

ಮತ್ತೆ ಆ ಪ್ರಸಿದ್ಧ ಸರ್ಕಾರಿ ಪರೀಕ್ಷೆ! ಬಡವನ ಮಗನೂ ಓದಿ ಅಧಿಕಾರಿ ಆಗಬಹುದಿತ್ತು ಅಂತಾರೆ. ಆಟದವರ, ವಾದ್ಯದವರ ಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು. 1723ರಲ್ಲಿ ಯೋಂಗ್‌ಜೆಂಗ್ ಚಕ್ರವರ್ತಿ ಶಾಂಕ್ಷಿ ಪ್ರಾಂತದ ವಾದ್ಯಗಾರ ಕುಲಗಳನ್ನು 'ಹೀನರ' ಪಟ್ಟಿಯಿಂದ ತೆಗೆದ. ಪಟ್ಟಿಯಿಂದ ಹೋಯಿತು, ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗಲಿಲ್ಲ. ಹಲಗೆ ಬಾರಿಸಿದ ಮನೆಯಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ಪರೀಕ್ಷೆಯಲ್ಲಿ ಈ ಸಲ ಹ್ಯೂಯೆನ್ ತ್ಸಾಂಗ್ ಬಂದರೆ ಎರಡೂ ಪುಟ ಬರೆಯಿರಿ. ಪುಲಿಕೇಶಿಯ ಆನೆಯೂ ಇರಲಿ, ಎಡಕ್ಕೆ ಸರಿದು ನಡೆದವರೂ ಇರಲಿ. ಅಂಕ ಕಡಿದರೆ ಉತ್ತರ ಪತ್ರಿಕೆಯ ನಕಲು ತಗೊಂಡು ಬರ್ರಿ, ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಓದೋಣ.