ಉಲ್ಲೇಖದ ಲೆಕ್ಕವೂ ಬೀಡಿ ಕಟ್ಟಿನ ಚಿತ್ರವೂ

ಒಂದು ಸಂಶೋಧನಾ ಪ್ರಬಂಧದ ಪ್ರಭಾವ ಎಷ್ಟೆಂದು ಕೇಳಿದರೆ ನಮ್ಮ ವಿಶ್ವವಿದ್ಯಾಲಯಗಳು ಉಲ್ಲೇಖಗಳ ಸಂಖ್ಯೆ ತೋರಿಸುತ್ತವೆ. ಆ ಲೆಕ್ಕಕ್ಕೂ ಉಪಯೋಗವಿದೆ, ಒಪ್ಪುತ್ತೇನೆ. ರಾಶಿ ಬಿದ್ದ ಪ್ರಬಂಧಗಳಲ್ಲಿ ಮೊದಲು ಯಾವುದನ್ನು ಓದಬೇಕೆಂದು ಅದು ತಿಳಿಸುತ್ತದೆ. ಆದರೆ ತಂಬಾಕಿನ ವಿಷಯದಲ್ಲಿ ಅದನ್ನೇ ಪ್ರಭಾವದ ಅಳತೆ ಎನ್ನಲು ನನಗೆ ಮನಸ್ಸಿಲ್ಲ.

1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ ಒಂದು ಅಧ್ಯಯನ ಪ್ರಕಟಿಸಿದರು. ತಾವು ಸಿಗರೇಟು ಸೇದದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚೆಂದು ತೋರಿಸಿದರು. ತಂಬಾಕು ಉದ್ಯಮ ಸುಮ್ಮನೆ ಕೂರಲಿಲ್ಲ. ಅವರ ಗಣಿತವೇ ತಪ್ಪೆಂದು ತಜ್ಞರಿಂದ ಹೇಳಿಸಿತು, ಜಾಹೀರಾತು ಕೊಟ್ಟಿತು. ಹಾಗೆ ಖಂಡಿಸಿ ಬರೆದದ್ದೂ ಎಣಿಕೆಯಲ್ಲಿ ಒಂದು ಉಲ್ಲೇಖವೇ. ಹೊಗಳಿಕೆ, ತೆಗಳಿಕೆ ಎಂಬ ಭೇದ ಅದಕ್ಕಿಲ್ಲ. ನನ್ನ ಮಟ್ಟಿಗೆ ಆ ವಿರೋಧವೇ ಅಧ್ಯಯನದ ನಿಜವಾದ ತೂಕ. ಯಾರ ವ್ಯಾಪಾರಕ್ಕೂ ಧಕ್ಕೆ ತಾರದ ಪ್ರಬಂಧದ ಮೇಲೆ ಯಾರೂ ದುಡ್ಡು ಸುರಿಯುವುದಿಲ್ಲ.

ಪ್ರಭಾವ ಬರೆದವರನ್ನೇ ಮೊದಲು ತಟ್ಟುವುದೂ ಉಂಟು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ ಜೊತೆ ತೋರಿಸಿಕೊಟ್ಟ ರಿಚರ್ಡ್ ಡಾಲ್, ಪ್ರಬಂಧ ಅಚ್ಚಾಗುವ ಮೊದಲೇ ತಾವು ಸೇದುವುದನ್ನು ಬಿಟ್ಟಿದ್ದರು. ಇದನ್ನು ಯಾವ ಸೂಚ್ಯಂಕದಲ್ಲಿ ಬರೆದುಕೊಳ್ಳೋಣ?

ಹಾಗಾದರೆ ತಂಬಾಕು ಬಳಸುವವರ ಸಂಖ್ಯೆಯನ್ನೇ ನೋಡೋಣ ಎನ್ನಬಹುದು. ಭಾರತದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರ ಸಮೀಕ್ಷೆಯಲ್ಲಿ ಶೇ 34.6 ಇದ್ದರು, 2016-17ರಲ್ಲಿ ಶೇ 28.6. ಸಂತೋಷದ ಸಂಗತಿ. ಆದರೆ ಈ ನಡುವೆ ತೆರಿಗೆ ಏರಿತು, ಗುಟ್ಕಾ ನಿಷೇಧವಾಯಿತು. ಇಳಿಕೆಯನ್ನು ಯಾವ ಪ್ರಬಂಧದ ಖಾತೆಗೆ ಹಾಕುವುದು?

ಪ್ರಬಂಧವನ್ನೇ ಓದದವನಿಗೆ ಅದು ತಲುಪುವ ದಾರಿ ನನಗೆ ಹೆಚ್ಚು ಮುಖ್ಯ. 2016ರ ಏಪ್ರಿಲ್‌ನಿಂದ ತಂಬಾಕು ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. ಹಿಂದೆ ಮುಂಭಾಗದ ಶೇ 40 ಸಾಕಿತ್ತು. ತಯಾರಕರು ದೇಶದ ಹಲವೆಡೆ ಹೂಡಿದ ಮೊಕದ್ದಮೆಗಳು ಕರ್ನಾಟಕ ಹೈಕೋರ್ಟಿಗೆ ಬಂದವು. 2017ರ ಡಿಸೆಂಬರಿನಲ್ಲಿ ಅದು ನಿಯಮವನ್ನು ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ದಶಕಗಳ ಅಧ್ಯಯನ ಕೊನೆಗೆ ಬೀಡಿ ಕಟ್ಟಿನ ಅಂಗೈಯಗಲದ ಕಾಗದದ ಮೇಲೆ ಬಂದು ನಿಂತಿತ್ತು.

ಸಂಶೋಧಕರ ಬಡ್ತಿ, ಅನುದಾನ ನಿರ್ಧರಿಸುವ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರೆಂದು ಕೇಳಿದ ಮೇಲೆ, ಯಾವ ನಿಯಮಕ್ಕೆ ಇದು ಆಧಾರವಾಯಿತು, ಇದನ್ನು ಯಾರು ವಿರೋಧಿಸಿದರು ಎಂದೂ ದಯವಿಟ್ಟು ಕೇಳಿ.