ಕೇಳದೆಯೇ ಬರುವ ಸುದ್ದಿ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿಯ ಪಾತ್ರೆಯಿದ್ದುದು ಒಂದು ಕೊಠಡಿಯಲ್ಲಿ. ಅದನ್ನು ಕುಡಿಯುವವರಲ್ಲಿ ಅನೇಕರು ಕುಳಿತಿದ್ದುದು ಕಟ್ಟಡದ ಬೇರೆ ಭಾಗಗಳಲ್ಲಿ. ಮೆಟ್ಟಿಲು ಹತ್ತಿಳಿದು ಬಂದ ವಿದ್ವಾಂಸರಿಗೆ ಎಷ್ಟೋ ಸಲ ಬರಿದಾದ ಪಾತ್ರೆಯ ದರ್ಶನವಾಗುತ್ತಿತ್ತು. ಆ ದುಃಖ ಎಂಥದೆಂಬುದನ್ನು ಮೈಸೂರು ಸೀಮೆಯ ಓದುಗರಿಗೆ ವಿವರಿಸಬೇಕಾಗಿಲ್ಲ. 1991ರಲ್ಲಿ ಅವರು ಪಾತ್ರೆಯ ಎದುರಿಗೆ ಕ್ಯಾಮೆರಾ ನಿಲ್ಲಿಸಿ, ತಂತಮ್ಮ ಮೇಜಿನ ಮೇಲೆಯೇ ಅದರ ಚಿತ್ರವನ್ನು ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರ ವೆಬ್‌ಗೆ ಬಂದು ಲೋಕಪ್ರಸಿದ್ಧವಾಯಿತು; 2001ರಲ್ಲಿ ಕ್ಯಾಮೆರಾ ಕಣ್ಣು ಮುಚ್ಚಿತು.

ಆದರೆ ವೆಬ್‌ನ ಶಿಷ್ಟಾಚಾರ ಬಲು ಬಿಗಿಯಾದುದು. ಬ್ರೌಸರ್ ಕೇಳಬೇಕು, ಸರ್ವರ್ ಉತ್ತರಿಸಬೇಕು. ಕೇಳದವರಿಗೆ ತಾನಾಗಿ ಹೇಳುವ ವಾಡಿಕೆ ಅದಕ್ಕಿರಲಿಲ್ಲ. ಹೊಸ ಸುದ್ದಿ ಬೇಕಾದ ಪುಟ ಮತ್ತೆ ಮತ್ತೆ ಕೇಳುತ್ತಲೇ ಇರಬೇಕಾಗಿತ್ತು. "ಅಂಚೆಯವನು ಬಂದನೇನೋ ನೋಡು" ಎಂದು ತಾಯಿ ನಿಮಿಷಕ್ಕೊಮ್ಮೆ ಮಗನನ್ನು ಬೀದಿಗೆ ಅಟ್ಟಿದಂತೆ! ಹುಡುಗನಿಗೂ ದಣಿವು, ಬೀದಿಗೂ ಸಂದಣಿ. ಅನಂತರ ಬಂದ ಉಪಾಯದಲ್ಲಿ, ಸುದ್ದಿ ಹುಟ್ಟುವ ತನಕ ಸರ್ವರ್ ಉತ್ತರವನ್ನು ತಡೆದಿಟ್ಟುಕೊಳ್ಳುತ್ತಿತ್ತು. ಹುಡುಗ ಜಗುಲಿಯಲ್ಲೇ ಕುಳಿತ ಎನ್ನೋಣ.

ಒಮ್ಮೆ ತೆರೆದ ಸಂಪರ್ಕವನ್ನು ಮುಚ್ಚದೆಯೇ ಸುದ್ದಿಯನ್ನು ಸಾಲುಸಾಲಾಗಿ ಕಳುಹಿಸುವ ಪದ್ಧತಿಯನ್ನು ಒಪೆರಾ ಬ್ರೌಸರ್ 2006ರಲ್ಲಿ ಪ್ರಯೋಗಿಸಿತು. ಜಾವಾಸ್ಕ್ರಿಪ್ಟ್ ಬಲ್ಲವರು ಇದನ್ನು 'ಇವೆಂಟ್‌ಸೋರ್ಸ್' ಎಂಬ ಹೆಸರಿನಿಂದ ಅರಿಯುವರು. ಸಂಪರ್ಕ ಕಡಿದರೆ ಅದು ತಾನಾಗಿಯೇ ಮರಳಿ ಜೋಡಿಸಿಕೊಳ್ಳುತ್ತದೆ; ಸುದ್ದಿಗಳಿಗೆ ಗುರುತಿನ ಸಂಖ್ಯೆ ಕೊಟ್ಟಿದ್ದರೆ, ತಾನು ಕೊನೆಗೆ ಕಂಡ ಸಂಖ್ಯೆಯನ್ನು ಸರ್ವರಿಗೆ ಒಪ್ಪಿಸುತ್ತದೆ. 2011ರ ಡಿಸೆಂಬರಿನಲ್ಲಿ ಪ್ರಮಾಣಿತವಾದ 'ವೆಬ್‌ಸಾಕೆಟ್' ಇನ್ನೂ ಸಮರ್ಥವಾದುದು: ಅದರಲ್ಲಿ ಎರಡು ಕಡೆಯವರೂ ಮಾತನಾಡಬಹುದು. ಆದರೆ ಕ್ರಿಕೆಟ್ಟಿನ ಓಟಗಳನ್ನೋ ರೈಲಿನ ವೇಳೆಯನ್ನೋ ತಿಳಿಸಲು ಸಂವಾದವೇಕೆ? ವಾರ್ತೆಯೇ ಸಾಕು.

ನಿಜವಾದ ಅಪಾಯವಿರುವುದು ಬೇರೆಡೆ. ಸಂಪರ್ಕ ಕಡಿದಾಗಲೆಲ್ಲ ಸದ್ದಾಗುವುದಿಲ್ಲ. ಪ್ರಯಾಣಿಕನ ಫೋನು ಸುರಂಗವನ್ನು ಹೊಕ್ಕಿತೆಂದರೆ ಎರಡು ತುದಿಗಳೂ ಕೆಲ ಕಾಲ ಸಂಪರ್ಕವಿದೆಯೆಂದೇ ನಂಬಿರಬಹುದು. ಪುಟದಲ್ಲಿ "ರೈಲು 20 ನಿಮಿಷ ತಡ" ಎಂಬ ಸಾಲು ಮೊದಲಿನಷ್ಟೇ ಠೀವಿಯಿಂದ ನಿಂತಿರುತ್ತದೆ. ಅದನ್ನು ನಂಬಿ ನಿಲ್ದಾಣದ ಹೊರಗೆ ಚಹ ಕುಡಿಯುತ್ತ ನಿಂತವನ ಗತಿಯೇನು? ಹಳಸಿದ ಅನ್ನ ವಾಸನೆಯಿಂದಲಾದರೂ ಎಚ್ಚರಿಸೀತು. ಹಳಸಿದ ಅಂಕಿ ಎಚ್ಚರಿಸದು.

ಸಂಪರ್ಕ ಜೀವಂತವಾಗಿರಲೆಂದು ಹದಿನೈದು ಸೆಕೆಂಡಿಗೊಮ್ಮೆ ಬರಿಯ ವಿಸರ್ಗದಂತಹ ಎರಡು ಚುಕ್ಕಿಯಿಂದ ಮೊದಲಾಗುವ ಒಂದು ಟಿಪ್ಪಣಿಯ ಸಾಲನ್ನು ಕಳುಹಿಸುವ ರೂಢಿಯುಂಟು. ಆದರೆ ಆ ಸಾಲನ್ನು ಬ್ರೌಸರ್ ತಾನೇ ನುಂಗಿಬಿಡುತ್ತದೆ. ಪುಟದ ಜಾವಾಸ್ಕ್ರಿಪ್ಟಿಗೆ ಅದರ ಸುಳಿವೂ ಸಿಗದು. ಆದುದರಿಂದ ಜಾಣರು ನಾಡಿಮಿಡಿತವನ್ನು ನಿಜವಾದ ಸುದ್ದಿಯ ರೂಪದಲ್ಲಿಯೇ ಕಳುಹಿಸುತ್ತಾರೆ. ಅರ್ಧ ನಿಮಿಷದೊಳಗೆ ಅದು ಬಾರದಿದ್ದರೆ ಪುಟದ ಅಂಕಿಯೆಲ್ಲ ಬೂದು ಬಣ್ಣಕ್ಕೆ ತಿರುಗಿ, ಕೊನೆಯ ಸುದ್ದಿ ಎಷ್ಟು ಗಂಟೆಗೆ ಬಂದುದೆಂಬುದು ಅದರ ಕೆಳಗೆ ಮೂಡುತ್ತದೆ. ಚಹದ ಲೋಟವನ್ನು ಕೆಳಗಿಟ್ಟು ಒಳಗೆ ಓಡಲು ಪ್ರಯಾಣಿಕನಿಗೆ ಅಷ್ಟು ಸಾಕು.